ಮರುಪ್ರವೇಶದ ಶಾಖ: ಕ್ಯಾಪ್ಸೂಲ್ ಬಿಸಿಯಾಗುವುದು ಘರ್ಷಣೆಯಿಂದಲೇ? ಆ ಶಕ್ತಿಯೆಲ್ಲ ಎಲ್ಲಿಗೆ ಹೋಗುತ್ತದೆ?

ನಭೋಮಿತ್ರ

ಬಾಹ್ಯಾಕಾಶದಿಂದ ಯಾರಾದರೂ ಮರಳಿದಾಗಲೆಲ್ಲ ಸುದ್ದಿಯಲ್ಲಿ ಒಂದು ವಾಕ್ಯ ತಪ್ಪದೆ ಬರುತ್ತದೆ: ಗಾಳಿಯೊಡನೆ ಘರ್ಷಣೆ ಉಂಟಾಗಿ ನೌಕೆಯ ಹೊರಮೈ ಕಾದು ಕೆಂಡವಾಗುತ್ತದೆ. ಇದು ಪೂರ್ತಿ ಸುಳ್ಳಲ್ಲ. ಆದರೆ ನಿಜವಾಗಿ ತಿಳಿಯಬೇಕಾದ ಸಂಗತಿ ಈ ವಾಕ್ಯದ ಮರೆಯಲ್ಲೇ ಉಳಿದುಬಿಡುತ್ತದೆ. ಅದನ್ನು ಬಿಡಿಸಿ ಮಾತನಾಡೋಣ ಎಂದು ಈ ಚರ್ಚೆ ಆರಂಭಿಸಿದ್ದೇನೆ.

ಮೊದಲು ಶಕ್ತಿಯ ಲೆಕ್ಕ. ಭೂಮಿಗೆ ಹತ್ತಿರದ ಕಕ್ಷೆಯಲ್ಲಿ ನೌಕೆಯ ವೇಗ ಸೆಕೆಂಡಿಗೆ ಸುಮಾರು 7.8 ಕಿ.ಮೀ. ಅಂದರೆ ಅದರ ಪ್ರತಿ ಕಿಲೋ ತೂಕದಲ್ಲೂ ಸುಮಾರು 30 ಮೆಗಾಜೂಲ್ ಚಲನಶಕ್ತಿ ಇರುತ್ತದೆ. ಒಂದು ಕಿಲೋ ಟಿಎನ್‌ಟಿ ಸಿಡಿದಾಗ ಬಿಡುಗಡೆಯಾಗುವುದು 4.2 ಮೆಗಾಜೂಲ್. ಒಂದು ಕಿಲೋ ಅಲ್ಯುಮಿನಿಯಂ ಅನ್ನು ಕೋಣೆಯ ಉಷ್ಣತೆಯಿಂದ ಕಾಯಿಸಿ ಕರಗಿಸಲು ಹೆಚ್ಚುಕಡಿಮೆ 1 ಮೆಗಾಜೂಲ್ ಸಾಕು. ಚಂದ್ರನಿಂದ ಮರಳುವ ನೌಕೆ ಸೆಕೆಂಡಿಗೆ 11 ಕಿ.ಮೀ. ವೇಗದಲ್ಲಿ ಬರುತ್ತದೆ. ಅದರಲ್ಲಿ ಕಿಲೋಗೆ 60 ಮೆಗಾಜೂಲ್. ಈ ಶಕ್ತಿಯೆಲ್ಲ ನೌಕೆಯೊಳಗೇ ಶಾಖವಾಗಿ ಇಳಿದರೆ ಯಾವ ಲೋಹವೂ ಉಳಿಯುವುದಿಲ್ಲ, ಆವಿಯಾಗಿ ಹೋಗುತ್ತದೆ.

ಆದರೂ ಕ್ಯಾಪ್ಸೂಲ್‌ಗಳು ಕೆಳಗಿಳಿಯುತ್ತವೆ, ಒಳಗೆ ಕುಳಿತವರು ನಗುತ್ತಾ ಹೊರಬರುತ್ತಾರೆ. ಏಕೆಂದರೆ ಆ ಶಕ್ತಿಯ ಬಹುಪಾಲು ನೌಕೆಗೆ ತಾಗುವುದೇ ಇಲ್ಲ. ಅದು ಗಾಳಿಯನ್ನು ಕಾಯಿಸಿ ಗಾಳಿಯಲ್ಲೇ ಹಿಂದೆ ಉಳಿಯುತ್ತದೆ. ನೌಕೆಯ ಮೈಗೆ ದಕ್ಕುವುದು ನೂರರಲ್ಲಿ ಕೆಲವೇ ಪಾಲು. ಹಾಗೆ ಆಗುವಂತೆ ಮಾಡುವುದು ನೌಕೆಯ ಆಕಾರ. ಉಷ್ಣಕವಚದ ವಸ್ತುವಿಗಿಂತ ಮೊದಲು ನಮ್ಮನ್ನು ಕಾಪಾಡುವುದು ಆಕಾರವೇ ಎಂಬುದು ನನ್ನ ವಾದ. ಒಪ್ಪದವರು ಬರೆಯಿರಿ.

ಕುತೂಹಲಿ

ಒಂದು ಸಂದೇಹ. ಘರ್ಷಣೆಯಿಂದಲ್ಲ ಎಂದರೆ ಇನ್ನು ಹೇಗೆ? ವೇಗವಾಗಿ ಸಾಗುವ ವಸ್ತುವಿಗೆ ಗಾಳಿ ಉಜ್ಜುವುದರಿಂದಲ್ಲವೇ ಶಾಖ ಹುಟ್ಟುವುದು?

ನಭೋಮಿತ್ರ

ಸೈಕಲ್ ಪಂಪಿನ ತುದಿಯನ್ನು ಬೆರಳಿನಿಂದ ಮುಚ್ಚಿ ನಾಲ್ಕಾರು ಸಲ ಜೋರಾಗಿ ಒತ್ತಿ ನೋಡಿ. ತುದಿಯ ಭಾಗ ಬಿಸಿಯಾಗುತ್ತದೆ. ಅಲ್ಲಿ ಗಾಳಿ ಕಾದದ್ದು ಅದನ್ನು ಇಕ್ಕಟ್ಟಿಗೆ ಒತ್ತಿದ್ದರಿಂದ.

ಕ್ಯಾಪ್ಸೂಲ್‌ನ ಮುಂದೆ ಆಗುವುದೂ ಇದೇ ಬಗೆಯದು. ಸಾಮಾನ್ಯ ವೇಗದಲ್ಲಿ ಸಾಗುವ ವಸ್ತುವಿನ ಮುಂದಿರುವ ಗಾಳಿಗೆ "ಏನೋ ಬರುತ್ತಿದೆ" ಎಂಬ ಸೂಚನೆ ಶಬ್ದದ ವೇಗದಲ್ಲಿ ಮೊದಲೇ ತಲುಪುತ್ತದೆ, ಗಾಳಿ ಸರಿದು ದಾರಿ ಬಿಡುತ್ತದೆ. ಶಬ್ದದ ಇಪ್ಪತ್ತೈದು ಪಟ್ಟು ವೇಗದಲ್ಲಿ ಬರುವ ವಸ್ತುವಿನ ಮುಂದೆ ಅಂಥ ಸೂಚನೆಗೆ ಅವಕಾಶವೇ ಇಲ್ಲ. ಸರಿಯಲು ಸಮಯ ಸಿಗದ ಗಾಳಿ ಅತಿ ತೆಳುವಾದ ಒಂದು ಗಡಿಯಲ್ಲಿ ಹಠಾತ್ತನೆ ಒತ್ತಲ್ಪಡುತ್ತದೆ. ಆ ಗಡಿಯೇ ಆಘಾತ ತರಂಗ. ಅದನ್ನು ದಾಟಿದ ಕ್ಷಣದಲ್ಲಿ ಗಾಳಿಯ ಒಂದೇ ದಿಕ್ಕಿನ ವೇಗ ಅಣುಗಳ ಅಡ್ಡಾದಿಡ್ಡಿ ಓಟವಾಗಿ ಮಾರ್ಪಡುತ್ತದೆ. ಅದೇ ಶಾಖ.

ಗಣಿತಪ್ರಿಯ

ಘರ್ಷಣೆಯನ್ನು ಪೂರ್ತಿಯಾಗಿ ಹೊರಗಟ್ಟಬೇಡಿ. ಶಾಖ ಹುಟ್ಟುವುದು ಆಘಾತ ತರಂಗದಲ್ಲಿ, ನಿಜ. ಆದರೆ ಅದು ನೌಕೆಯ ಮೈಗೆ ಬಂದು ಸೇರುವುದು ಮೈಗೆ ಅಂಟಿಕೊಂಡಂತಿರುವ ತೆಳು ಗಾಳಿಪದರದ ಮೂಲಕ. ಆ ಪದರದಲ್ಲಿ ಸ್ನಿಗ್ಧತೆಯ, ಅಂದರೆ ಗಾಳಿಯ ಪದರಗಳು ಒಂದನ್ನೊಂದು ಉಜ್ಜುವ ಗುಣದ, ಪಾತ್ರ ಇದ್ದೇ ಇದೆ. ಚೂಪಾದ, ತೆಳುವಾದ ದೇಹಗಳಲ್ಲಂತೂ ಘರ್ಷಣೆಯ ಪಾಲು ದೊಡ್ಡದು.

ಈ ಸಂಗತಿಯಲ್ಲೇ ಆಲೆನ್ ಮತ್ತು ಎಗ್ಗರ್ಸ್ ಎಂಬ ಅಮೆರಿಕದ ಎಂಜಿನಿಯರ್‌ಗಳ ಸಾಧನೆ ಅಡಗಿದೆ. ಕ್ಯಾಲಿಫೋರ್ನಿಯಾದ ಏಮ್ಸ್ ಪ್ರಯೋಗಾಲಯದಲ್ಲಿ ಹ್ಯಾರಿ ಜೂಲಿಯನ್ ಆಲೆನ್ 1950ರ ದಶಕದ ಆರಂಭದಲ್ಲಿ ಈ ಲೆಕ್ಕ ಹಿಡಿದಾಗ, ವೇಗದ ಕ್ಷಿಪಣಿ ಎಂದರೆ ಸೂಜಿಯಂಥ ಮೂತಿ ಇರಬೇಕು ಎಂಬುದು ಎಲ್ಲರ ನಂಬಿಕೆ. ಆಲ್ಫ್ರೆಡ್ ಎಗ್ಗರ್ಸ್ ಜೊತೆ ಸೇರಿ ಅವರು ತೋರಿಸಿದ್ದು ಇಷ್ಟು: ದೇಹದೊಳಕ್ಕೆ ಇಳಿಯುವ ಶಾಖದ ಪಾಲು, ಒಟ್ಟು ಗಾಳಿತಡೆಯಲ್ಲಿ ಘರ್ಷಣೆಯ ಪಾಲು ಎಷ್ಟು ಎಂಬುದರ ಮೇಲೆ ನಿಂತಿದೆ. ಒತ್ತಡದಿಂದ ಬರುವ ತಡೆಯನ್ನು ಹೆಚ್ಚಿಸಿ, ಘರ್ಷಣೆಯ ಪಾಲು ತಾನಾಗಿಯೇ ಸಣ್ಣದಾಗುತ್ತದೆ, ಶಾಖವೂ ಇಳಿಯುತ್ತದೆ. ಒತ್ತಡದ ತಡೆ ಹೆಚ್ಚಬೇಕಾದರೆ ಮೂತಿ ಮೊಂಡಾಗಿರಬೇಕು. ಮೊಂಡು ದೇಹದ ಮುಂದೆ ಆಘಾತ ತರಂಗ ಮೈಗೆ ಅಂಟದೆ ದೂರ ಸರಿದು ಬಿಲ್ಲಿನಂತೆ ಹರಡಿಕೊಳ್ಳುತ್ತದೆ ಮತ್ತು ಬಹಳಷ್ಟು ಗಾಳಿಯನ್ನು ಕಾಯಿಸಿ ಬದಿಗೆ ಕಳಿಸುತ್ತದೆ. ಕ್ಷಿಪಣಿಗಳ ಸಿಡಿತಲೆಗೆ ಸಂಬಂಧಿಸಿದ್ದರಿಂದ ಈ ವರದಿ ಕೆಲವು ವರ್ಷ ಗುಪ್ತವಾಗಿತ್ತು. ಬಹಿರಂಗವಾಗಿ ಪ್ರಕಟವಾದದ್ದು 1958ರಲ್ಲಿ.

ಮರ್ಕ್ಯುರಿ, ಜೆಮಿನಿ, ಅಪೋಲೋ, ಸೊಯುಜ್, ಡ್ರಾಗನ್, ಒರಾಯನ್, ಯಾತ್ರಿಗಳ ಯಾವ ಕ್ಯಾಪ್ಸೂಲನ್ನೇ ನೋಡಿ, ಎಲ್ಲದರ ಮುಖವೂ ಅಗಲವಾದ ಮೊಂಡು ಬಟ್ಟಲು. ಬೇರೆ ಬೇರೆ ದೇಶ, ಬೇರೆ ಬೇರೆ ಕಾಲ, ಉತ್ತರ ಒಂದೇ.

ಕುತೂಹಲಿ

ಮೊಂಡಾಗಿದ್ದರೆ ಎಷ್ಟು ವ್ಯತ್ಯಾಸ ಎಂದು ಅಂಕಿಯಲ್ಲಿ ಹೇಳಬಹುದೇ?

ಗಣಿತಪ್ರಿಯ

ಖಂಡಿತ. ಮೂತಿಯ ನಡುಬಿಂದುವಿಗೆ ಬರುವ ಶಾಖದ ಹರಿವು ವೇಗದ ಘನಕ್ಕೆ ಅನುಪಾತದಲ್ಲಿರುತ್ತದೆ. ಗಾಳಿಯ ಸಾಂದ್ರತೆಯನ್ನು ಮೂತಿಯ ತ್ರಿಜ್ಯದಿಂದ ಭಾಗಿಸಿದರೆ ಬರುವ ಸಂಖ್ಯೆಯ ವರ್ಗಮೂಲಕ್ಕೂ ಅನುಪಾತದಲ್ಲಿರುತ್ತದೆ. ಸಟನ್-ಗ್ರೇವ್ಸ್ ಸೂತ್ರ ಎಂದು ಇದನ್ನು ಕರೆಯುತ್ತಾರೆ.

60 ಕಿ.ಮೀ. ಎತ್ತರ, ಸೆಕೆಂಡಿಗೆ 7 ಕಿ.ಮೀ. ವೇಗ ಎಂದಿಟ್ಟುಕೊಳ್ಳಿ. ಮೂತಿಯ ತ್ರಿಜ್ಯ 4 ಮೀಟರ್ ಇದ್ದರೆ ಚದರ ಸೆಂಟಿಮೀಟರಿಗೆ ಸುಮಾರು 50 ವ್ಯಾಟ್ ಬರುತ್ತದೆ. ತ್ರಿಜ್ಯ 4 ಸೆಂಟಿಮೀಟರ್ ಇದ್ದರೆ ಅದರ ಹತ್ತು ಪಟ್ಟು, 500 ವ್ಯಾಟ್.

ಆ ಶಾಖವನ್ನೆಲ್ಲ ಮೇಲ್ಮೈ ಬೆಳಕಾಗಿ ಹೊರಸೂಸಿಯೇ ಕಳೆದುಕೊಳ್ಳಬೇಕು ಎಂದಾದರೆ, ಮೊದಲನೆಯದಕ್ಕೆ ಮೇಲ್ಮೈ ಸುಮಾರು 1,500 ಡಿಗ್ರಿ ಸೆಲ್ಸಿಯಸ್‌ಗೆ ಏರಬೇಕು, ಎರಡನೆಯದಕ್ಕೆ 2,900 ಡಿಗ್ರಿಗೆ. ಮೊದಲನೆಯದನ್ನು ತಡೆಯುವ ವಸ್ತುಗಳಿವೆ. ಎರಡನೆಯದರಲ್ಲಿ ಹೆಚ್ಚಿನ ವಸ್ತುಗಳು ನಿಲ್ಲುವುದಿಲ್ಲ.

ಆಕಾಶಬುಟ್ಟಿ

ಅಪೋಲೋ ಮರಳುವಾಗ ಆಘಾತ ತರಂಗದ ಹಿಂದಿನ ಅನಿಲ ಸುಮಾರು 11,000 ಕೆಲ್ವಿನ್ (ಸೆಲ್ಸಿಯಸ್‌ಗೆ 273 ಸೇರಿಸಿದರೆ ಬರುವ ಅಳತೆ) ತಲುಪುತ್ತಿತ್ತು ಎಂದು ಓದಿದ್ದೇನೆ. ಸೂರ್ಯನ ಮೇಲ್ಮೈ 5,800 ಕೆಲ್ವಿನ್. ಸೂರ್ಯನಿಗಿಂತ ಹೆಚ್ಚು ಬಿಸಿಯಾದ ಅನಿಲ ಅಷ್ಟು ಹತ್ತಿರದಲ್ಲಿದ್ದರೂ ಕವಚದ ಮೇಲ್ಮೈ 2,700 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆಂದರೆ ನಂಬುವುದು ಕಷ್ಟ.

ನಭೋಮಿತ್ರ

ಉಷ್ಣತೆ ಬೇರೆ, ಬಂದು ಸೇರುವ ಶಾಖದ ಪ್ರಮಾಣ ಬೇರೆ. 60 ಕಿ.ಮೀ. ಎತ್ತರದ ಗಾಳಿ ನೆಲಮಟ್ಟದ ಗಾಳಿಗಿಂತ ಸಾವಿರಾರು ಪಟ್ಟು ತೆಳು. ಆಘಾತ ತರಂಗ ಅದನ್ನು ಒತ್ತಿದ ಮೇಲೂ ಅಲ್ಲಿರುವ ಅಣುಗಳು ಕಡಿಮೆಯೇ. ಒಂದೊಂದು ಅಣುವಿನ ಬಳಿಯೂ ಬೇಕಾದಷ್ಟು ಶಕ್ತಿ ಇದೆ, ತಂದು ಕೊಡುವ ಅಣುಗಳ ಸಂಖ್ಯೆ ಮಾತ್ರ ಸೀಮಿತ. ಜೊತೆಗೆ ಮೇಲ್ಮೈ ಕಾದಷ್ಟೂ ಉಷ್ಣತೆಯ ನಾಲ್ಕನೆಯ ಘಾತದಲ್ಲಿ ಶಾಖವನ್ನು ಹೊರಸೂಸುತ್ತದೆ. ಒಳಬರುವ ಶಾಖ ಎರಡು ಪಟ್ಟಾದರೂ ಮೇಲ್ಮೈಯ ಉಷ್ಣತೆ ಏರುವುದು ಶೇಕಡಾ 19ರಷ್ಟು ಮಾತ್ರ.

ಇನ್ನೊಂದು ಕಾರಣವೂ ಇದೆ. ಗಾಳಿ ಸಾಮಾನ್ಯ ಅನಿಲದಂತೆಯೇ ವರ್ತಿಸುತ್ತದೆ ಎಂದು ಲೆಕ್ಕ ಹಾಕಿದರೆ ಸೆಕೆಂಡಿಗೆ 11 ಕಿ.ಮೀ. ವೇಗಕ್ಕೆ 60,000 ಕೆಲ್ವಿನ್ ಬರಬೇಕು. ಹಾಗಾಗದಂತೆ ತಡೆಯುವುದು ರಸಾಯನ ಕ್ರಿಯೆ. 2,000 ಕೆಲ್ವಿನ್ ದಾಟಿದ ಮೇಲೆ ಆಮ್ಲಜನಕದ ಅಣುಗಳು ಒಡೆಯತೊಡಗುತ್ತವೆ, 4,000ದಿಂದ ಮುಂದೆ ಸಾರಜನಕದವು, 9,000ದ ಆಚೆ ಪರಮಾಣುಗಳೇ ಎಲೆಕ್ಟ್ರಾನ್ ಕಳೆದುಕೊಳ್ಳುತ್ತವೆ. ಬಂಧ ಮುರಿಯಲು ಖರ್ಚಾದ ಶಕ್ತಿ ಉಷ್ಣತೆಯಾಗಿ ಕಾಣಿಸುವುದಿಲ್ಲ.

ಲೋಹಜಾಲ

ಆ ಖರ್ಚಾದ ಶಕ್ತಿ ಎಲ್ಲೋ ಮಾಯವಾಯಿತು ಎಂದು ಯಾರೂ ಭಾವಿಸಬಾರದು. ಒಡೆದ ಪರಮಾಣುಗಳು ತೇಲಿ ಬಂದು ಕವಚದ ಮೇಲ್ಮೈಯಲ್ಲಿ ಮತ್ತೆ ಜೋಡಿಯಾದರೆ ಮುರಿಯಲು ತೆತ್ತ ಶಕ್ತಿಯನ್ನೆಲ್ಲ ಅಲ್ಲೇ ವಾಪಸ್ ಬಿಡುತ್ತವೆ, ಅದೂ ನಮಗೆ ಬೇಡವಾದ ಜಾಗದಲ್ಲಿ. ಮೇಲ್ಮೈಯ ಗುಣ ಇದನ್ನು ನಿರ್ಧರಿಸುತ್ತದೆ. ಹಲವು ಲೋಹಗಳ ಮೇಲ್ಮೈ ಈ ಮರುಜೋಡಣೆಗೆ ವೇಗವರ್ಧಕದಂತೆ, ಅಂದರೆ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತುವಿನಂತೆ, ಕೆಲಸ ಮಾಡುತ್ತದೆ, ಗಾಜಿನಂಥ ಲೇಪನ ಹಾಗೆ ಮಾಡುವುದಿಲ್ಲ. ಸ್ಪೇಸ್ ಶಟಲ್‌ನ ಮೊದಲ ಯಾನಗಳಲ್ಲಿ ಅದರ ಮೈಗೆ ಹೊದಿಸಿದ ಉಷ್ಣನಿರೋಧಕ ಬಿಲ್ಲೆಗಳಲ್ಲಿ ಕೆಲವಕ್ಕೆ ಮಾತ್ರ ವೇಗವರ್ಧಕ ಬಣ್ಣ ಬಳಿದು ಇದನ್ನು ಪರೀಕ್ಷಿಸಿದ್ದರು. ಪಕ್ಕಪಕ್ಕದಲ್ಲಿದ್ದ ಬಿಲ್ಲೆಗಳಲ್ಲಿ ಬಣ್ಣ ಬಳಿದವು ಸ್ಪಷ್ಟವಾಗಿ ಹೆಚ್ಚು ಕಾದವು.

ಆಕಾರವೇ ಮೊದಲ ಕವಚ ಎಂಬ ವಾದವನ್ನು ಗೌರವಿಸುತ್ತೇನೆ. ಆದರೆ ವಸ್ತುವಿನ ಕೆಲಸವನ್ನು ಎರಡನೆಯ ಸಾಲಿಗೆ ತಳ್ಳುವುದನ್ನು ಒಪ್ಪಲಾರೆ. ಆಕಾರ ನೂರರಲ್ಲಿ ತೊಂಬತ್ತೇಳು ಪಾಲನ್ನು ದೂರ ಇಟ್ಟಿತು ಎನ್ನೋಣ. ಉಳಿದ ಮೂರು ಪಾಲೇ ನೌಕೆಯನ್ನು ಕೊಲ್ಲಲು ಸಾಕು.

ಕುತೂಹಲಿ

ಹಾಗಾದರೆ ಕವಚ ಆ ಮೂರು ಪಾಲನ್ನು ಹೇಗೆ ತಡೆಯುತ್ತದೆ? ಉರಿದು ಹೋಗುವ ವಸ್ತುವನ್ನೇ ಕವಚವಾಗಿ ಬಳಸುತ್ತಾರೆ ಎಂದು ಕೇಳಿದ್ದೇನೆ. ಉರಿಯುವುದು ಕಾಪಾಡುವುದು ಹೇಗೆ?

ಲೋಹಜಾಲ

ಈ ಪ್ರಶ್ನೆಗಾಗಿಯೇ ಕಾಯುತ್ತಿದ್ದೆ, ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮೊದಮೊದಲು ಸರಳ ಉಪಾಯ ಹೂಡಿದ್ದರು: ದಪ್ಪ ಲೋಹದ ತಟ್ಟೆ ಇಟ್ಟು ಶಾಖವನ್ನು ಅದು ಹೀರಿಕೊಳ್ಳಲಿ ಎಂದು ಬಿಡುವುದು. 1961ರಲ್ಲಿ ಮರ್ಕ್ಯುರಿಯ ಕಕ್ಷೆಗೇರದ ಎರಡು ಮಾನವ ಯಾನಗಳಲ್ಲಿ ಬೆರಿಲಿಯಂ ತಟ್ಟೆ ಇತ್ತು. ಆ ವೇಗಕ್ಕೆ ಅದು ಸಾಲುತ್ತಿತ್ತು. ಕಕ್ಷೆಯಿಂದ ಮರಳುವಾಗ ಸಾಲದು. ಆಗ ಬಂದದ್ದು ಸವೆಯುವ ಕವಚ, ಅಬ್ಲೇಟಿವ್ ಕವಚ ಎಂದೂ ಕರೆಯುತ್ತಾರೆ.

ಅದರಲ್ಲಿ ನಡೆಯುವುದನ್ನು ಹೊರಗಿನಿಂದ ಒಳಗೆ ನೋಡುತ್ತಾ ಹೋಗೋಣ. ರಾಳ ತುಂಬಿದ ವಸ್ತು ಕಾದಾಗ ರಾಳ ಒಡೆದು ಅನಿಲವಾಗುತ್ತದೆ. ಇದಕ್ಕೆ ಶಾಖ ಖರ್ಚಾಗುತ್ತದೆ. ಹಿಂದೆ ಉಳಿಯುವುದು ಸೂಕ್ಷ್ಮ ರಂಧ್ರಗಳ ಇದ್ದಿಲಿನ ಪದರ. ಇದ್ದಿಲು ಅತಿ ಹೆಚ್ಚು ಉಷ್ಣತೆ ತಾಳುತ್ತದೆ, ಪ್ರಖರವಾಗಿ ಬೆಳಗಿ ಶಾಖವನ್ನು ಹೊರಕ್ಕೆ ಸೂಸುತ್ತದೆ. ಒಳಗಿನಿಂದ ಹೊರಟ ಅನಿಲ ಈ ಇದ್ದಿಲಿನ ಮೂಲಕ ನುಸುಳಿ ಬರುವಾಗ ಅದನ್ನು ತಂಪು ಮಾಡುತ್ತದೆ, ಹೊರಬಂದ ಮೇಲೆ ಬಿಸಿಗಾಳಿಯ ಪದರವನ್ನು ಮೈಯಿಂದ ದೂರಕ್ಕೆ ತಳ್ಳುತ್ತದೆ. ಇದ್ದಿಲಿನ ಹೊರ ಅಂಚು ನಿಧಾನವಾಗಿ ಸವೆಯುತ್ತದೆ, ಒಳಗಿನ ಹಸಿ ಪದರ ಹೊಸ ಇದ್ದಿಲಾಗುತ್ತದೆ. ಈ ನಡುವೆ ಕವಚದ ಹಿಂಬದಿಗೆ ಶಾಖ ಇನ್ನೂ ತಲುಪಿರುವುದಿಲ್ಲ. ಮರುಪ್ರವೇಶ ಕೆಲವೇ ನಿಮಿಷಗಳ ವಿಷಯ. ಅಷ್ಟು ಹೊತ್ತು ಶಾಖವನ್ನು ದಾರಿಯಲ್ಲಿ ಹಿಡಿದಿಟ್ಟರೆ ಕೆಲಸ ಮುಗಿಯಿತು.

ಅಪೋಲೋದ ಕವಚದ ವಸ್ತು ಆವ್‌ಕೋಟ್ ಎಂಬ, ಅಂಟಿನಂಥ ರಾಳ. ಗಾಜಿನ ನಾರಿನ ಜೇನುಗೂಡು ರಚನೆಯನ್ನು ಕವಚದ ತಳಕ್ಕೆ ಅಂಟಿಸಿ, ಅದರ ಸುಮಾರು 3,70,000 ಕಣ್ಣುಗಳಿಗೆ ಒಂದೊಂದಾಗಿ, ಕೈಯಲ್ಲಿ ಹಿಡಿದ ವಿಶೇಷ ಗನ್‌ನಿಂದ ಆ ಅಂಟನ್ನು ತುಂಬುತ್ತಿದ್ದರು. ಆಮೇಲೆ ಇಡೀ ಕವಚಕ್ಕೆ ಎಕ್ಸ್‌ರೇ. ಯಾವುದಾದರೂ ಕಣ್ಣಿನಲ್ಲಿ ಗಾಳಿಗುಳ್ಳೆ ಕಂಡರೆ ಆ ಒಂದನ್ನು ಕೊರೆದು ತೆಗೆದು ಮತ್ತೆ ತುಂಬಬೇಕು. ಚಂದ್ರಯಾನ ಎಂದೊಡನೆ ಎಲ್ಲರಿಗೂ ರಾಕೆಟ್ ನೆನಪಾಗುತ್ತದೆ. ನನಗೆ ನೆನಪಾಗುವುದು ಆ ಗನ್ ಹಿಡಿದು ದಿನವಿಡೀ ಬಾಗಿ ಕುಳಿತ ಕೈಗಳು.

ಸವೆಯದ ಕವಚದ ದಾರಿಯೂ ಇದೆ. ಶಟಲ್‌ನ ಬಿಲ್ಲೆಗಳು ಶುದ್ಧ ಸಿಲಿಕಾ ನಾರಿನವು. ಅವುಗಳ ಗಾತ್ರದಲ್ಲಿ ನೂರಕ್ಕೆ 90 ಭಾಗಕ್ಕೂ ಹೆಚ್ಚು ಬರಿ ಖಾಲಿ ಜಾಗ. ಕುಲುಮೆಯಿಂದ ತೆಗೆದು ಒಳಭಾಗ ಇನ್ನೂ ಕೆಂಪಗೆ ಹೊಳೆಯುತ್ತಿರುವಾಗಲೇ ಅದರ ಮೂಲೆಗಳನ್ನು ಬರಿಗೈಯಲ್ಲಿ ಹಿಡಿಯಬಹುದು, ಅಷ್ಟು ನಿಧಾನ ಅದರೊಳಗೆ ಶಾಖ ಹರಿಯುವುದು. ಆದರೆ ಬಿಲ್ಲೆ ಬಿರುಸು, ಬೇಗ ಒಡೆಯುತ್ತದೆ. ಕೆಳಗಿನ ಅಲ್ಯುಮಿನಿಯಂ ಕಾದು ಹಿಗ್ಗುತ್ತದೆ, ಬಿಲ್ಲೆ ಹಿಗ್ಗುವುದಿಲ್ಲ. ಅದಕ್ಕೇ ಎರಡರ ನಡುವೆ ನಾರಿನ ಮೆತ್ತೆಯೊಂದನ್ನು ಅಂಟಿಸಬೇಕಾಯಿತು.

ಎರಡೂ ಬಗೆಯನ್ನು ಒಂದೇ ನೌಕೆಯಲ್ಲಿ ಬಳಸುವುದೂ ಉಂಟು. ಇಸ್ರೋ 2007ರ ಜನವರಿಯಲ್ಲಿ ಕಕ್ಷೆಯಿಂದ ಮರಳಿಸಿ ಬಂಗಾಳ ಕೊಲ್ಲಿಯಲ್ಲಿ ಇಳಿಸಿದ 550 ಕಿಲೋ ತೂಕದ ಎಸ್‌ಆರ್‌ಇ-1 ಎಂಬ ಪ್ರಯೋಗ ಕ್ಯಾಪ್ಸೂಲ್‌ನ ಮೂತಿಯಲ್ಲಿ ಕಾರ್ಬನ್ ಫಿನಾಲಿಕ್ (ರಾಳ ತುಂಬಿದ ಕಾರ್ಬನ್ ನಾರು) ಇತ್ತು, ಮೈಮೇಲೆ ಸಿಲಿಕಾ ಬಿಲ್ಲೆಗಳಿದ್ದವು. ಶಾಖ ಎಲ್ಲಿ ಹೆಚ್ಚೋ ಅಲ್ಲಿ ಸವೆಯುವ ವಸ್ತು, ಎಲ್ಲಿ ಕಡಿಮೆಯೋ ಅಲ್ಲಿ ಹಗುರವಾದ ಬಿಲ್ಲೆ.

ಹೊಸಓದುಗ

ಇಷ್ಟೆಲ್ಲ ಕಷ್ಟ ಏಕೆ? ಮೇಲಿನಿಂದಲೇ ರಾಕೆಟ್ ಉರಿಸಿ ವೇಗ ಪೂರ್ತಿ ಇಳಿಸಿಕೊಂಡು ನಿಧಾನವಾಗಿ ಬರಬಹುದಲ್ಲ?

ಗಣಿತಪ್ರಿಯ

ರಾಕೆಟ್ ಸಮೀಕರಣ ಬಿಡುವುದಿಲ್ಲ. ಸೆಕೆಂಡಿಗೆ 3 ಕಿ.ಮೀ. ವೇಗದಲ್ಲಿ ಅನಿಲ ಹೊರಚಿಮ್ಮುವ ಎಂಜಿನ್‌ನಿಂದ 7.8 ಕಿ.ಮೀ. ವೇಗವನ್ನು ಕಳೆಯಬೇಕೆಂದರೆ ಆರಂಭದ ತೂಕ ಕೊನೆಯ ತೂಕದ 13 ಪಟ್ಟು ಮೀರಬೇಕು. 3 ಟನ್ನಿನ ಕ್ಯಾಪ್ಸೂಲ್‌ಗೆ ಸುಮಾರು 37 ಟನ್ ಇಂಧನ, ಟ್ಯಾಂಕಿನ ತೂಕ ಬೇರೆ. ಅಷ್ಟನ್ನೂ ಮೊದಲು ಕಕ್ಷೆಗೆ ಹೊತ್ತೊಯ್ಯಬೇಕು. ಸೊಯುಜ್ ಕಕ್ಷೆಯಿಂದ ಇಳಿಯಲು ಕಳೆದುಕೊಳ್ಳುವ ವೇಗ ಸೆಕೆಂಡಿಗೆ ಹೆಚ್ಚುಕಡಿಮೆ 120 ಮೀಟರ್ ಮಾತ್ರ. ಉಳಿದದ್ದನ್ನೆಲ್ಲ ಗಾಳಿಯೇ ಪುಕ್ಕಟೆಯಾಗಿ ಕಳೆಯುತ್ತದೆ.

ಆಕಾಶಬುಟ್ಟಿ

ಹಾಗಾದರೆ ಓರೆಯಾಗಿ, ಅತಿ ನಿಧಾನವಾಗಿ ಇಳಿದರೆ ಶಾಖ ಕಡಿಮೆಯಾಗುತ್ತದಲ್ಲವೇ? ಕೋನ ಕಡಿಮೆಯಾದಷ್ಟೂ ಸುರಕ್ಷಿತ ಎಂದು ನನ್ನ ಅನಿಸಿಕೆ.

ಗಣಿತಪ್ರಿಯ

ಇಲ್ಲಿ ಎರಡು ಅಳತೆಗಳನ್ನು ಬೇರೆ ಬೇರೆ ಇಟ್ಟುಕೊಳ್ಳಬೇಕು: ಒಂದು ಕ್ಷಣದಲ್ಲಿ ಬರುವ ಶಾಖದ ಗರಿಷ್ಠ ಹರಿವು, ಮತ್ತು ಆರಂಭದಿಂದ ಕೊನೆಯವರೆಗೆ ಬಂದ ಶಾಖದ ಮೊತ್ತ. ಕಡಿದಾಗಿ ಇಳಿದರೆ ಹರಿವು ಏರುತ್ತದೆ, ಆದರೆ ಬೇಗ ಮುಗಿಯುವುದರಿಂದ ಮೊತ್ತ ತಗ್ಗುತ್ತದೆ. ಓರೆಯಾಗಿ ಇಳಿದರೆ ಹರಿವು ಸೌಮ್ಯ, ಮೊತ್ತ ಹೆಚ್ಚು, ಏಕೆಂದರೆ ಶಾಖಕ್ಕೆ ಒಳಗೆ ನುಗ್ಗಲು ಬಹಳ ಸಮಯ ಸಿಗುತ್ತದೆ. ಮೇಲ್ಮೈಗೆ ಯಾವ ವಸ್ತು ಬೇಕು ಎಂಬುದನ್ನು ಹರಿವು ನಿರ್ಧರಿಸಿದರೆ, ಕವಚ ಎಷ್ಟು ದಪ್ಪ ಇರಬೇಕು ಎಂಬುದನ್ನು ಮೊತ್ತ ನಿರ್ಧರಿಸುತ್ತದೆ.

ದೇಹದ ಮೇಲೆ ಬೀಳುವ ಹೊರೆ ಮೂರನೆಯದು. ಎತ್ತುವ ಬಲವಿಲ್ಲದೆ ನೇರ ಬೀಳುವ ನೌಕೆಗೆ ಆಲೆನ್-ಎಗ್ಗರ್ಸ್ ಸೂತ್ರ ಹಚ್ಚಿದರೆ ಒಂದು ಅಚ್ಚರಿ ಕಾಣುತ್ತದೆ. ಗರಿಷ್ಠ ವೇಗತಗ್ಗುವಿಕೆ ನೌಕೆಯ ತೂಕವನ್ನಾಗಲಿ ಆಕಾರವನ್ನಾಗಲಿ ಅವಲಂಬಿಸುವುದಿಲ್ಲ. ಪ್ರವೇಶದ ವೇಗ ಮತ್ತು ಕೋನ, ಎತ್ತರದೊಡನೆ ಗಾಳಿ ತೆಳುವಾಗುವ ರೀತಿ, ಇಷ್ಟೇ ಸಾಕು. ಕಕ್ಷೆಯಿಂದ 3 ಡಿಗ್ರಿ ಕೋನದಲ್ಲಿ ಬಂದರೆ ಸುಮಾರು 8.5 ಜಿ, ಅಂದರೆ ನೆಲದ ಮೇಲಿನ ತೂಕದ 8.5 ಪಟ್ಟು ಹೊರೆ. ಸೊಯುಜ್ ನಿಯಂತ್ರಣ ತಪ್ಪಿ ನೇರ ಬಿದ್ದಾಗ ಯಾತ್ರಿಗಳು ಅನುಭವಿಸುವ 8-9 ಜಿ ಇದಕ್ಕೆ ಹೊಂದುತ್ತದೆ. ಅದೇ ಸೂತ್ರದಲ್ಲಿ ಸೆಕೆಂಡಿಗೆ 11 ಕಿ.ಮೀ. ಮತ್ತು 6.5 ಡಿಗ್ರಿ ಹಾಕಿದರೆ 36 ಜಿ ದಾಟುತ್ತದೆ. ಅಪೋಲೋ ಯಾತ್ರಿಗಳು 6-7 ಜಿಯಲ್ಲಿ ಪಾರಾದದ್ದು ಕ್ಯಾಪ್ಸೂಲ್‌ನ ಭಾರಕೇಂದ್ರವನ್ನು ನಡುವಿನಿಂದ ತುಸು ಪಕ್ಕಕ್ಕೆ ಇಟ್ಟಿದ್ದರಿಂದ. ಅದರಿಂದ ಕ್ಯಾಪ್ಸೂಲ್ ವಾಲಿಕೊಂಡು ಹಾರುತ್ತದೆ, ಸ್ವಲ್ಪ ಎತ್ತುವ ಬಲ ಹುಟ್ಟುತ್ತದೆ. ನೌಕೆಯನ್ನು ಉರುಳಿಸಿ ಆ ಬಲವನ್ನು ಮೇಲಕ್ಕೋ ಕೆಳಕ್ಕೋ ತಿರುಗಿಸಬಹುದು. ಹಾಗಿದ್ದರೂ ಅವರಿಗಿದ್ದ ಕೋನದ ಅವಕಾಶ ಸುಮಾರು 2 ಡಿಗ್ರಿ ಅಗಲದ್ದು ಮಾತ್ರ.

ಲೋಹಜಾಲ

ಸೌಮ್ಯವಾದ ಶಾಖ ಸುರಕ್ಷಿತ ಎಂಬ ಅನಿಸಿಕೆಗೆ ನಾಸಾದ ಚಂದ್ರಯಾನ ಆರ್ಟೆಮಿಸ್-1 ಒಳ್ಳೆಯ ಉತ್ತರ ಕೊಟ್ಟಿದೆ. 2022ರ ಡಿಸೆಂಬರ್ 11ರಂದು ಒರಾಯನ್ ಯಾತ್ರಿಗಳಿಲ್ಲದೆ ಚಂದ್ರನಿಂದ ಮರಳಿತು. ಬಂದ ಬಗೆ ವಿಶೇಷ: ವಾತಾವರಣಕ್ಕೆ ಇಳಿದು, ಎತ್ತುವ ಬಲದಿಂದ ಮತ್ತೆ ಮೇಲೇರಿ, ಎರಡನೆಯ ಬಾರಿ ಇಳಿಯಿತು. ಕವಚವನ್ನು ಪರಿಶೀಲಿಸಿದಾಗ ನೂರಕ್ಕೂ ಹೆಚ್ಚು ಕಡೆ ಇದ್ದಿಲಿನ ಪದರ ತುಂಡುತುಂಡಾಗಿ ಕಿತ್ತುಹೋಗಿತ್ತು. ಸಮವಾಗಿ ಸವೆಯಬೇಕಿದ್ದುದು ಹೀಗೆ ಹಳ್ಳಬಿದ್ದಿತ್ತು.

ಕಾರಣ ಹುಡುಕಲು ಎರಡು ವರ್ಷ ಹಿಡಿಯಿತು, 2024ರ ಡಿಸೆಂಬರ್‌ನಲ್ಲಿ ನಾಸಾ ವಿವರ ಪ್ರಕಟಿಸಿತು. ಎರಡು ಇಳಿತಗಳ ನಡುವಿನ ಬಿಡುವಿನಲ್ಲಿ ಹೊರಗಿನ ಶಾಖ ತಗ್ಗಿತು. ಹೊಸ ಇದ್ದಿಲು ಹುಟ್ಟುವುದು ನಿಧಾನವಾಯಿತು. ಆದರೆ ಆಗಲೇ ಒಳಗೆ ಸೇರಿದ್ದ ಶಾಖ ಅನಿಲವನ್ನು ಹುಟ್ಟಿಸುತ್ತಲೇ ಇತ್ತು. ರಂಧ್ರಗಳಿರುವ ಇದ್ದಿಲು ಸಾಕಷ್ಟು ಇಲ್ಲದ ಕಡೆ ಅನಿಲಕ್ಕೆ ಹೊರಬರಲು ದಾರಿ ಸಿಗಲಿಲ್ಲ, ಒತ್ತಡ ಏರಿ ಕವಚ ಬಿರುಕು ಬಿಟ್ಟಿತು. ನೆಲದ ಮೇಲಿನ ಪರೀಕ್ಷೆಗಳಲ್ಲಿ ಇದು ಮೊದಲು ಕಾಣಿಸಿರಲಿಲ್ಲ. ಅಲ್ಲಿ ಹಾರಾಟಕ್ಕಿಂತ ತೀವ್ರವಾದ ಶಾಖ ಕೊಟ್ಟಿದ್ದರು, ಇದ್ದಿಲು ಬೇಗ ಹುಟ್ಟಿ ಅನಿಲಕ್ಕೆ ದಾರಿ ಮಾಡಿಕೊಟ್ಟಿತ್ತು. ಅದೇ ಕವಚದಲ್ಲಿ ಆವ್‌ಕೋಟ್ ಸಹಜವಾಗಿ ಅನಿಲ ಹಾಯಲು ಬಿಡುವಂತಿದ್ದ ಭಾಗಗಳಲ್ಲಿ ಬಿರುಕೇ ಇರಲಿಲ್ಲ. ಮುಂದಿನ ಯಾನಕ್ಕೆ ಸಿದ್ಧವಾಗಿದ್ದ ಕವಚವನ್ನು ಬದಲಿಸದೆ, ಇಳಿಯುವ ಹಾದಿಯನ್ನೇ ಬದಲಿಸುವ ತೀರ್ಮಾನ ಕೈಗೊಂಡರು.

ಹೆಚ್ಚು ಶಾಖದಲ್ಲಿ ಗೆದ್ದ ವಸ್ತು ಕಡಿಮೆ ಶಾಖದಲ್ಲಿ ಸೋತ ಈ ಪ್ರಸಂಗವನ್ನು ವಸ್ತುವಿಜ್ಞಾನ ಕಲಿಯುವ ಪ್ರತಿಯೊಬ್ಬರೂ ಓದಬೇಕು.

ಹೊಸಓದುಗ

ಮರುಪ್ರವೇಶದಲ್ಲಿ ಕೆಲವು ನಿಮಿಷ ರೇಡಿಯೋ ಸಂಪರ್ಕ ತಪ್ಪುವುದೂ ಇದರಿಂದಲೇ?

ನಭೋಮಿತ್ರ

ಹೌದು. ಎಲೆಕ್ಟ್ರಾನ್ ಕಳಚಿದ ಅನಿಲ ನೌಕೆಯನ್ನು ಸುತ್ತುವರಿದು ರೇಡಿಯೋ ಅಲೆಗಳನ್ನು ತಡೆಯುತ್ತದೆ. ನೌಕೆಯ ಹಿಂಬದಿಯಲ್ಲಿ ಆ ಅನಿಲ ತೆಳುವಾಗಿರುವುದರಿಂದ ಮೇಲಿರುವ ಉಪಗ್ರಹದ ಕಡೆಗೆ ಸಂಕೇತ ಕಳಿಸುವುದು ಸಾಧ್ಯ. 2024ರಲ್ಲಿ ಸ್ಪೇಸ್‌ಎಕ್ಸ್‌ನ ಸ್ಟಾರ್‌ಶಿಪ್ ನೌಕೆಯ ಮರುಪ್ರವೇಶದ ನೇರ ದೃಶ್ಯಗಳು ನಮಗೆ ಸಿಕ್ಕಿದ್ದು ಹೀಗೆ.

ಆಕಾಶಬುಟ್ಟಿ

2003ರಲ್ಲಿ ಮರಳುವಾಗ ನಾಶವಾದ ಶಟಲ್ ಕೊಲಂಬಿಯಾ ಬಗ್ಗೆ ಯಾರೂ ಬರೆದಿಲ್ಲ. ಶಟಲ್‌ಗೆ ರೆಕ್ಕೆಗಳಿದ್ದವು, ಅದು ಮೊಂಡು ಕ್ಯಾಪ್ಸೂಲ್ ಅಲ್ಲ. ನಭೋಮಿತ್ರ ಅವರ ವಾದ ಅಲ್ಲಿ ಹೇಗೆ ನಿಲ್ಲುತ್ತದೆ?

ನಭೋಮಿತ್ರ

ಶಟಲ್ ಮರಳುವಾಗ ಮೂತಿಯನ್ನು 40 ಡಿಗ್ರಿಯಷ್ಟು ಎತ್ತಿ, ಅಗಲವಾದ ಹೊಟ್ಟೆಯನ್ನೇ ಗಾಳಿಗೆ ಒಡ್ಡಿಕೊಂಡು ಬರುತ್ತಿತ್ತು. ವಿಮಾನದ ರೂಪದಲ್ಲಿದ್ದರೂ ಮರುಪ್ರವೇಶದಲ್ಲಿ ಅದು ವರ್ತಿಸುತ್ತಿದ್ದುದು ಮೊಂಡು ದೇಹದಂತೆಯೇ. ಆದರೆ ರೆಕ್ಕೆಯ ಮುಂದಂಚಿನ ತ್ರಿಜ್ಯ ಸಣ್ಣದು. ಗಣಿತಪ್ರಿಯ ಅವರ ಲೆಕ್ಕದಂತೆ ಅಲ್ಲಿ ಶಾಖ ಹೆಚ್ಚು, 1,600 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಅದಕ್ಕಾಗಿಯೇ ಮೂತಿಗೂ ರೆಕ್ಕೆಯ ಅಂಚಿಗೂ ಬಲವರ್ಧಿತ ಕಾರ್ಬನ್-ಕಾರ್ಬನ್ ಫಲಕಗಳನ್ನು ಹಾಕಿದ್ದರು. ಮೂತಿಯ ಆಘಾತ ತರಂಗವೂ ರೆಕ್ಕೆಯದೂ ಒಂದನ್ನೊಂದು ಸಂಧಿಸುವ ಜಾಗ ಎಂಟು-ಒಂಬತ್ತನೆಯ ಫಲಕಗಳ ಬಳಿ ಬರುತ್ತದೆ. ಇಡೀ ರೆಕ್ಕೆಯಲ್ಲಿ ಹೆಚ್ಚು ಕಾಯುವ ಜಾಗ ಅದು.

2003ರ ಜನವರಿ 16ರಂದು ಉಡಾವಣೆಯಾದ 82 ಸೆಕೆಂಡುಗಳಿಗೆ ಹೊರಗಿನ ಇಂಧನ ಟ್ಯಾಂಕಿನಿಂದ ಕಳಚಿದ, ಶಾಖನಿರೋಧಕ ನೊರೆಯ (ಫೋಮ್) ತುಂಡು ಬಡಿದದ್ದು ಎಡ ರೆಕ್ಕೆಯ ಅದೇ ಭಾಗಕ್ಕೆ. ಕಕ್ಷೆಯಲ್ಲಿದ್ದಷ್ಟು ದಿನವೂ ಆ ಬಡಿತದಿಂದ ಆದ ತೂತು ಏನನ್ನೂ ಮಾಡಲಿಲ್ಲ. ಫೆಬ್ರುವರಿ 1ರಂದು ಮರಳುವಾಗ ಅದರ ಮೂಲಕ ನುಗ್ಗಿದ ಅನಿಲ ಒಳಗಿನ ಅಲ್ಯುಮಿನಿಯಂ ಚೌಕಟ್ಟನ್ನು ಕರಗಿಸಿತು. 175 ಡಿಗ್ರಿ ಮೀರದಂತೆ ಕಾಪಾಡಬೇಕಿದ್ದ ಲೋಹ ಅದು. ಕಲ್ಪನಾ ಚಾವ್ಲಾ ಸೇರಿ ಏಳು ಜನ ಹೋದರು. ಒಂದು ಕಿಲೋ ಕೂಡ ತೂಗದ ನೊರೆ ಅಷ್ಟು ಗಟ್ಟಿ ಫಲಕವನ್ನು ಒಡೆಯಬಲ್ಲದೇ ಎಂದು ಹಲವರಿಗೆ ಸಂದೇಹವಿತ್ತು. ಅದೇ ವರ್ಷದ ಜುಲೈನಲ್ಲಿ ನಿಜವಾದ ಫಲಕದ ಮೇಲೆ ನೊರೆಯನ್ನು ಹಾರಿಸಿ ನೋಡಿದಾಗ ಸುಮಾರು 40 ಸೆಂಟಿಮೀಟರ್ ತೂತು ಬಿತ್ತು.

ಆಕಾರ ಶಕ್ತಿಯ ಬಹುಪಾಲನ್ನು ಗಾಳಿಗೇ ಬಿಟ್ಟುಬಿಡುತ್ತದೆ ಎಂಬ ನನ್ನ ವಾದ ಇದರಿಂದ ಬೀಳುವುದಿಲ್ಲ. ಉಳಿದ ಪಾಲೇ ಕೊಲ್ಲಲು ಸಾಕು ಎಂದ ಲೋಹಜಾಲ ಅವರ ಮಾತಿಗೂ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಕುತೂಹಲಿ

ಕೊನೆಯದಾಗಿ ಒಂದು ಪ್ರಶ್ನೆ. ಮೊಂಡಾದಷ್ಟೂ ಒಳ್ಳೆಯದು ಎಂಬುದು ಯಾವ ವೇಗಕ್ಕೂ ಅನ್ವಯಿಸುತ್ತದೆಯೇ?

ಗಣಿತಪ್ರಿಯ

ಇಲ್ಲ. ಇದುವರೆಗೆ ನಾವು ಮಾತನಾಡಿದ್ದು ಬಿಸಿ ಅನಿಲ ಮೈಗೆ ತಾಗಿ ಕೊಡುವ ಶಾಖದ ಬಗ್ಗೆ. ವೇಗ ಸೆಕೆಂಡಿಗೆ 10 ಕಿ.ಮೀ. ದಾಟಿದ ಮೇಲೆ ಆ ಅನಿಲ ತಾನೇ ಬೆಳಗಿ, ಬೆಳಕಿನ ಮೂಲಕವೂ ಕವಚವನ್ನು ಕಾಯಿಸುತ್ತದೆ. ಅನಿಲದ ಪದರ ದಪ್ಪವಾದಷ್ಟೂ ಬೆಳಕು ಹೆಚ್ಚು, ಮತ್ತು ಮೂತಿ ಮೊಂಡಾದಷ್ಟೂ ಆ ಪದರ ದಪ್ಪ. ಒಂದು ಬಗೆಯ ಶಾಖವನ್ನು ತಗ್ಗಿಸುವ ಆಕಾರವೇ ಇನ್ನೊಂದನ್ನು ಹೆಚ್ಚಿಸುತ್ತದೆ. ಜೊತೆಗೆ ಈ ವಿಕಿರಣ ಶಾಖ ವೇಗದೊಂದಿಗೆ ಘನಕ್ಕಿಂತ ಬಹಳ ತೀವ್ರವಾಗಿ ಏರುತ್ತದೆ. ಅಪೋಲೋಗೂ ಮೊದಲು, 1964 ಮತ್ತು 1965ರಲ್ಲಿ, ಪ್ರಾಜೆಕ್ಟ್ ಫೈರ್ ಎಂಬ ಎರಡು ಹಾರಾಟಗಳನ್ನು ನಡೆಸಿದ್ದು ಚಂದ್ರನಿಂದ ಮರಳುವ ವೇಗದಲ್ಲಿ ಈ ಶಾಖವನ್ನು ಅಳೆದು ನೋಡಲೆಂದೇ.

ಲೋಹಜಾಲ

ಅತಿರೇಕದ ಉದಾಹರಣೆ ಗುರುಗ್ರಹದ್ದು. 1995ರ ಡಿಸೆಂಬರ್ 7ರಂದು ಗೆಲಿಲಿಯೋ ನೌಕೆಯ ಶೋಧಕ ಸೆಕೆಂಡಿಗೆ 47 ಕಿ.ಮೀ. ವೇಗದಲ್ಲಿ ಅಲ್ಲಿನ ವಾತಾವರಣವನ್ನು ಹೊಕ್ಕಿತು. 339 ಕಿಲೋ ತೂಕದ ಶೋಧಕದಲ್ಲಿ 152 ಕಿಲೋ ಉಷ್ಣಕವಚವೇ. ವಸ್ತು ಕಾರ್ಬನ್ ಫಿನಾಲಿಕ್. ಅದರಲ್ಲಿ ಸುಮಾರು 80 ಕಿಲೋ ಸವೆದುಹೋಯಿತು, ಶೋಧಕ 200 ಜಿಗೂ ಹೆಚ್ಚು ಹೊರೆ ತಾಳಿತು, ಆಮೇಲೂ ಕೆಲಸ ಮಾಡಿತು.

ಕವಚದೊಳಗೆ ಹುದುಗಿಸಿದ್ದ ಸಂವೇದಕಗಳು ಸವೆತವನ್ನು ಅಳೆಯುತ್ತಿದ್ದವು. ಮೂತಿಯ ನಡುವೆ ಲೆಕ್ಕಕ್ಕಿಂತ ಕಡಿಮೆ ಸವೆದಿತ್ತು, ಬದಿಯ ಭುಜದ ಭಾಗದಲ್ಲಿ ಲೆಕ್ಕಕ್ಕಿಂತ ಹೆಚ್ಚು. ಭುಜದಲ್ಲಿ ಇನ್ನಷ್ಟು ಸವೆದಿದ್ದರೆ ಒಳಗಿನ ಉಪಕರಣಗಳು ಉಳಿಯುತ್ತಿರಲಿಲ್ಲ. ಸಂವೇದಕಗಳಿಲ್ಲದಿದ್ದರೆ ಶೋಧಕ ಸುಖವಾಗಿ ಇಳಿಯಿತು ಎಂಬುದಷ್ಟೇ ನಮಗೆ ತಿಳಿಯುತ್ತಿತ್ತು, ಅಂಚಿಗೆ ಎಷ್ಟು ಹತ್ತಿರ ಹೋಗಿ ಬಂದೆವು ಎಂಬುದು ತಿಳಿಯುತ್ತಿರಲಿಲ್ಲ. 2012ರಲ್ಲಿ ಮಂಗಳನಲ್ಲಿ ಇಳಿದ ರೋವರ್ ಕ್ಯೂರಿಯಾಸಿಟಿಯ 4.5 ಮೀಟರ್ ಕವಚದಲ್ಲೂ 2021ರಲ್ಲಿ ಇಳಿದ ರೋವರ್ ಪರ್ಸಿವಿಯರೆನ್ಸ್‌ನ ಕವಚದಲ್ಲೂ ಉಷ್ಣತೆ ಮತ್ತು ಒತ್ತಡ ಅಳೆಯುವ ಉಪಕರಣಗಳನ್ನು ಹುದುಗಿಸಿದ್ದರು. ಕವಚವನ್ನು ಇಳಿಯುವ ಮೊದಲೇ ಕಳಚಿ ಎಸೆಯುತ್ತಾರೆ, ಕೈಗೆ ಸಿಗುವುದಿಲ್ಲ. ಹಾಗಾಗಿ ಅದು ಉರಿಯುತ್ತಿರುವಾಗಲೇ ಅದರ ಮಾಹಿತಿಯನ್ನು ಪಡೆದುಕೊಳ್ಳಬೇಕು.